ಎಲೆಯಿಂದ ಅಂಗೈಗೆ

ಊಟ ಬೇರೆ, ತಿಂಡಿ ಬೇರೆ. ಊಟಕ್ಕೆ ಎಲೆ ಬೇಕು, ಎಲೆಗೆ ಸಾಲು ಬೇಕು, ಸಾಲಿಗೆ ಜಾಗ ಬೇಕು. ಬಡಿಸುವವರು ಬೇಕು, ಎಲೆ ಎತ್ತುವವರು ಬೇಕು. ತಿಂಡಿಗಾದರೋ ಇವೊಂದೂ ಬೇಡ. ಅಂಗೈಯೊಂದಿದ್ದರೆ ಸಾಕು. ನಾಮಕರಣವಿರಲಿ, ಆರತಕ್ಷತೆಯಿರಲಿ, ಶಾಲೆಯ ವಾರ್ಷಿಕೋತ್ಸವವಿರಲಿ, ಬಂದವರು ನಿಂತಲ್ಲಿಯೇ ತಿಂದು ಕೈಯೊರಸಿಕೊಂಡು ಹೊರಡುವುದಕ್ಕೆ ಅನುಕೂಲವಾದ ವಡೆ, ಬೋಂಡ, ನಿಪ್ಪಟ್ಟು, ಕೋಡುಬಳೆಗಳು ನಮ್ಮಲ್ಲಿ ಧಾರಾಳವಾಗಿವೆ. ಇವುಗಳಿಗೂ ಒಂದು ಚರಿತ್ರೆಯುಂಟು ಎಂದರೆ ಕೆಲವರಿಗೆ ನಗು ಬಂದೀತು. ಅರಸರ ವಂಶಾವಳಿ, ಕಾಳಗಗಳ ತಾರೀಖು ಇಷ್ಟೇ ಚರಿತ್ರೆಯೆಂದು ಪಾಠ ಒಪ್ಪಿಸುತ್ತ ಬೆಳೆದವರು ನಾವು. ಆದರೆ ಒಂದು ನಾಡಿನ ಜನ ಒಟ್ಟಿಗೆ ಸೇರಿದಾಗ ಏನನ್ನು ತಿನ್ನುತ್ತಾರೆ, ಹೇಗೆ ತಿನ್ನುತ್ತಾರೆ, ಯಾರ ಕೈಯಿಂದ ತಿನ್ನುತ್ತಾರೆ ಎಂಬುದು ಆ ನಾಡಿನ ಚರಿತ್ರೆಯಲ್ಲಿ ಸಣ್ಣ ಅಧ್ಯಾಯವೇನೂ ಅಲ್ಲ.

ಈ ತಿನಿಸುಗಳಲ್ಲಿ ಒಂದು ವಿಶೇಷವನ್ನು ಗಮನಿಸಬೇಕು. ಇವುಗಳಲ್ಲಿ ಬಹುಪಾಲು ಕೇವಲ ನೆಲದಿಂದ ಬಂದವು. ಬೇಳೆ, ಹಿಟ್ಟು, ಸೊಪ್ಪು, ಕಾಯಿ, ಎಣ್ಣೆ, ಉಪ್ಪು, ಖಾರ. ಹಾಲು ಮೊಸರಿನ ಹಂಗಿಲ್ಲ, ತುಪ್ಪದ ಖರ್ಚಿಲ್ಲ. ಆದ್ದರಿಂದಲೇ ಮಾಂಸ ತಿನ್ನುವವರೂ ತಿನ್ನದವರೂ ಕೈಯೊಡ್ಡಿ ತೆಗೆದುಕೊಳ್ಳಬಲ್ಲ ತಿನಿಸು ಇದಾಯಿತು.

ಮೊದಲು ಹೆಸರುಗಳನ್ನು ನೋಡೋಣ. ಸುಮಾರು ಕ್ರಿ.ಶ. 920ರ ವಡ್ಡಾರಾಧನೆಯಲ್ಲಿಯೇ ‘ಇಡ್ಡಲಿಗೆ’ ಎಂಬ ಶಬ್ದ ದೊರೆಯುತ್ತದೆ. ನಮ್ಮ ಇಡ್ಲಿಯ ಪೂರ್ವಜ ಅದು. 1025ರ ಸುಮಾರಿನಲ್ಲಿ ಎರಡನೆಯ ಚಾವುಂಡರಾಯನು ಬರೆದ ‘ಲೋಕೋಪಕಾರ’ದಲ್ಲಿ ಉದ್ದನ್ನು ಮಜ್ಜಿಗೆಯಲ್ಲಿ ನೆನೆಯಿಸಿ, ನುಣ್ಣಗೆ ಅರೆದು, ಮೊಸರಿನ ತಿಳಿಯನ್ನೂ ಜೀರಿಗೆ, ಕೊತ್ತಂಬರಿ, ಮೆಣಸು, ಇಂಗುಗಳನ್ನೂ ಬೆರಸುವ ಕ್ರಮವನ್ನು ಹೇಳಿದೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದ ಅನ್ನಭೋಗ ಪ್ರಕರಣದಲ್ಲಿ ಮಾಂಸದ ಅಡಿಗೆಗಳ ಜೊತೆಗೆ ವಟಕ, ಪೂರಿಕಾ, ಇಡರಿಕಾ, ಧೋಸಕ ಎಂಬ ಧಾನ್ಯದ ತಿನಿಸುಗಳೂ ಬರುತ್ತವೆ. ವಟಕವೇ ಪ್ರಾಕೃತದ ಬಾಯಲ್ಲಿ ಸವೆದು ನಮ್ಮ ವಡೆಯಾಯಿತು. ಹಾಗೆಯೇ ಸಂಸ್ಕೃತದ ಶಷ್ಕುಲಿಯೇ ನಮ್ಮ ಚಕ್ಕುಲಿ. 1508ರ ಸುಮಾರಿನಲ್ಲಿದ್ದ ಮೂರನೆಯ ಮಂಗರಸನು ‘ಸೂಪಶಾಸ್ತ್ರ’ ಎಂಬ ಒಂದು ಪಾಕಗ್ರಂಥವನ್ನೇ ವಾರ್ಧಕ ಷಟ್ಪದಿಯಲ್ಲಿ ಬರೆದನು. ಕವಿ ಜೈನ, ಹಿಟ್ಟಿನ ತಿನಿಸುಗಳಿಗೂ ಬದನೆಕಾಯಿಯ ಬಗೆಬಗೆಯ ಪಾಕಗಳಿಗೂ ಆತ ಕೊಟ್ಟಿರುವ ಗೌರವವನ್ನು ನೋಡಿದರೆ, ಕಾವ್ಯರಸಕ್ಕಿಂತ ನಾಲಗೆಯ ರಸ ಕಡಿಮೆಯದಲ್ಲವೆಂದು ಅವನು ತಿಳಿದಿದ್ದನೆಂಬುದು ಸ್ಪಷ್ಟ.

ಆದರೆ ಇವೆಲ್ಲ ಬಹುಮಟ್ಟಿಗೆ ಅರಮನೆಯ ಮತ್ತು ಉಳ್ಳವರ ಅಡಿಗೆಮನೆಯ ಮಾತು. ನಾಲ್ಕು ನೂರು ಜನಕ್ಕೆ ಒಂದೇ ಸಲ ಕರಿದು ಕೊಡಬೇಕಾದರೆ ಮೂರು ಅನುಕೂಲಗಳು ಬೇಕು: ಅಗ್ಗದ ಎಣ್ಣೆ, ಅಗ್ಗದ ಖಾರ, ಹೊಟ್ಟೆ ತುಂಬಿಸುವ ಅಗ್ಗದ ಗೆಡ್ಡೆ. ಈ ಮೂರನ್ನೂ ನಮಗೆ ಒದಗಿಸಿದ್ದು ಕಡಲಾಚೆಯ ಅಮೆರಿಕ ಖಂಡ. ಮಂಗರಸನು ಬರೆಯುವ ಹೊತ್ತಿಗೆ ಪೋರ್ಚುಗೀಸರ ಹಡಗುಗಳು ನಮ್ಮ ಪಶ್ಚಿಮ ಕರಾವಳಿಯನ್ನು ಮುಟ್ಟಿ ಹತ್ತು ವರ್ಷವಾಗಿತ್ತಷ್ಟೆ. ಅವರ ಮೂಲಕ ಬಂದ ಹೊಸ ಖಾರದ ಕಾಯಿಗೆ ಕನ್ನಡಿಗನು ಹೊಸ ಹೆಸರನ್ನು ಹುಡುಕುತ್ತ ಕೂರಲಿಲ್ಲ. ಮೆಣಸಿನಂತೆ ಖಾರ, ನೋಡಲು ಕಾಯಿ, ‘ಮೆಣಸಿನಕಾಯಿ’ ಎಂದ. ನೆಲದೊಳಗೆ ಬಲಿಯುವ ಇನ್ನೊಂದು ಬಂತು. ಕಡಲೆಯಂತಹ ಬೀಜ, ಮೇಲೊಂದು ಸಿಪ್ಪೆ; ‘ಕಡಲೆಕಾಯಿ’ ಎಂದ. ಗೆಡ್ಡೆಯೊಂದಕ್ಕೆ ಮಾತ್ರ ಕರಾವಳಿಯಲ್ಲಿಯೂ ಉತ್ತರ ಕರ್ನಾಟಕದಲ್ಲಿಯೂ ಪೋರ್ಚುಗೀಸರ ಹೆಸರೇ ನಿಂತು ‘ಬಟಾಟೆ’ಯಾಯಿತು, ಹಳೆಯ ಮೈಸೂರಿನ ಕಡೆ ‘ಆಲೂಗೆಡ್ಡೆ’ಯಾಯಿತು.

ಇವುಗಳಲ್ಲಿ ಕಡಲೆಕಾಯಿಯ ಉಪಕಾರ ಎಲ್ಲಕ್ಕಿಂತ ದೊಡ್ಡದು. ಅದಕ್ಕೆ ಮೊದಲು ಎಳ್ಳು, ಕುಸುಬೆ, ಹುಚ್ಚೆಳ್ಳುಗಳ ಎಣ್ಣೆಯಿತ್ತು, ನಿಜ. ಆದರೆ ಬಾಣಲೆ ತುಂಬ ಎಣ್ಣೆ ಸುರಿದು ಕರಿಯುವುದು ಬಡವನ ಮನೆಯಲ್ಲಿ ಹಬ್ಬಕ್ಕೊಮ್ಮೆ ಆಗುವ ಮಾತು. 19ನೆಯ ಶತಮಾನದಲ್ಲಿ ದಕ್ಷಿಣದ ಬಯಲುಸೀಮೆಯಲ್ಲಿ ಕಡಲೆಕಾಯಿಯ ಬೇಸಾಯ ಹಬ್ಬಿದ ಮೇಲೆ ಎಣ್ಣೆ ಕೈಗೆಟುಕಿತು. ಕರಿದ ತಿಂಡಿ ಅಡಿಗೆಮನೆಯಿಂದ ಬೀದಿಗೆ ಬಂತು, ಸಂತೆಗೆ ಬಂತು, ಜಾತ್ರೆಗೆ ಬಂತು. ಧಾರವಾಡದ ಕಡೆಯ ಮೆಣಸಿನಕಾಯಿ ಬಜ್ಜಿಯನ್ನೇ ನೋಡಿ. ಹೊರಗಿನ ಕಡಲೆಹಿಟ್ಟು ಹಳೆಯ ನಾಡಿನದು. ಒಳಗಿನ ಕಾಯಿ ಅಮೆರಿಕದ್ದು. ಕರಿದ ಶೇಂಗಾ ಎಣ್ಣೆಯೂ ಆ ಕಡೆಯದೇ. ಆದರೂ ಅದನ್ನು ಪರದೇಶದ ತಿಂಡಿಯೆಂದು ಹೇಳಿದವನನ್ನು ಧಾರವಾಡದವರು ಸುಮ್ಮನೆ ಬಿಡಲಾರರು!

ಬಹುಜನಕ್ಕೆ ಮಾಡುವುದೆಂದರೆ ಮನೆಮಂದಿಗೆ ಮಾಡಿದ್ದನ್ನೇ ನೂರರಿಂದ ಗುಣಿಸುವುದು ಎಂದು ಅನೇಕರು ತಿಳಿದಿದ್ದಾರೆ. ನಾನೂ ಹಾಗೆಯೇ ತಿಳಿದಿದ್ದೆ. ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಯ ವಾರ್ಷಿಕೋತ್ಸವಕ್ಕೆ ನಾಲ್ಕು ನೂರು ಜನಕ್ಕೆ ಆಂಬೊಡೆ ಮಾಡಿಸುವ ಕೆಲಸ ನನ್ನ ಪಾಲಿಗೆ ಬಂತು. ವಟಕ ಶಬ್ದದ ವ್ಯುತ್ಪತ್ತಿಯನ್ನು ಬಲ್ಲವನಿಗೆ ವಟಕವೂ ಬಂದೀತೆಂದು ಯಾರೋ ಭಾವಿಸಿರಬೇಕು. ನಾನು ಕಡಲೆಬೇಳೆಯನ್ನು ಹಿಂದಿನ ರಾತ್ರಿಯೇ ನೆನೆಹಾಕಿಸಿದೆ. ಬೆಳಗ್ಗೆ ನೀರು ಬೆರಸಿ ನುಣ್ಣಗೆ ರುಬ್ಬಿಸಿದೆ. ಉಪ್ಪನ್ನೂ ಆಗಲೇ ಹಾಕಿಸಿ ಪಾತ್ರೆಗಳನ್ನು ಸಾಲಾಗಿ ಇಡಿಸಿ ಕೃತಾರ್ಥನಾದೆ. ಮಧ್ಯಾಹ್ನ ಮೊದಲ ವಡೆಯನ್ನು ಎಣ್ಣೆಗೆ ಬಿಟ್ಟರೆ ಅದು ವಡೆಯಾಗಿ ಉಳಿಯಲಿಲ್ಲ. ಸಾವಿರ ಚೂರಾಗಿ ಎಣ್ಣೆಯ ತುಂಬ ಈಜಾಡಿತು.

ಅಡಿಗೆಗೆಂದು ಬಂದಿದ್ದ ಅಜ್ಜಿಯೊಬ್ಬರು ಹಿಟ್ಟನ್ನು ಎರಡು ಬೆರಳಿನಲ್ಲಿ ಮುಟ್ಟಿ ನೋಡಿ, “ಮೇಷ್ಟ್ರೇ, ಬೇಳೆ ನೆನೆಯಬೇಕು, ಮುಳುಗಿ ಸಾಯಬಾರದು” ಎಂದರು. ತೆಳು ಅವಲಕ್ಕಿಯನ್ನು ತರಿಸಿ ಪುಡಿಮಾಡಿಸಿ ಹಿಟ್ಟಿಗೆ ಬೆರಸಿದರು. ಅದು ನೀರನ್ನೆಲ್ಲ ಕುಡಿದು ಹಿಟ್ಟನ್ನು ಬಿಗಿಮಾಡಿತು; ನನ್ನ ಮಾನವೂ ಉಳಿಯಿತು. ಆ ದಿನ ಅವರಿಂದ ಕಲಿತ ಪಾಠ ಇಷ್ಟು. ಬೇಳೆ ಎರಡು ಮೂರು ಗಂಟೆ ನೆನೆದರೆ ಸಾಕು. ಜರಡಿಯಲ್ಲಿ ಹಾಕಿ ನೀರು ಪೂರ್ತಿ ಸೋರಿಹೋಗುವಂತೆ ಬಿಡಬೇಕು. ಒಂದೆರಡು ಹಿಡಿ ಇಡೀ ಬೇಳೆಯನ್ನು ತೆಗೆದಿಟ್ಟು, ಉಳಿದದ್ದನ್ನು ನೀರು ಸೋಕಿಸದೆ ತರಿತರಿಯಾಗಿ ರುಬ್ಬಬೇಕು. ಸಬ್ಬಸಿಗೆ ಸೊಪ್ಪು, ಕರಿಬೇವು, ಶುಂಠಿ, ಹಸಿಮೆಣಸಿನಕಾಯಿ, ಇಂಗು ಆಮೇಲೆ. ಉಪ್ಪು ನೀರನ್ನು ಹೊರಗೆಳೆಯುತ್ತದೆಯಾದ್ದರಿಂದ ಅದನ್ನು ಬಾಣಲೆ ಕಾದ ಮೇಲೆ, ಆಯಾ ಹೊತ್ತಿಗೆ ಬೇಕಾಗುವಷ್ಟು ಹಿಟ್ಟಿಗೆ ಮಾತ್ರ ಬೆರಸಬೇಕು.

ಇನ್ನು ಲೆಕ್ಕ. ಒಂದು ಕಿಲೋ ಕಡಲೆಬೇಳೆ ನೆನೆದು ಸುಮಾರು ಎರಡು ಕಿಲೋ ತೂಗುತ್ತದೆ. ಸಾಧಾರಣ ಗಾತ್ರದ ಐವತ್ತು ಆಂಬೊಡೆಗೆ ಮೋಸವಿಲ್ಲ. ತಲೆಗೆ ಎರಡರಂತೆ ನಾಲ್ಕು ನೂರು ಜನಕ್ಕೆ ಎಂಟು ನೂರು. ಎಂದರೆ 16 ಕಿಲೋ ಬೇಳೆ. ಒಂದು ಬಾಣಲೆಯಲ್ಲಿ ಒಂದು ಸಲಕ್ಕೆ 25 ಬಿಟ್ಟು, ಒಂದೊಂದು ಒಬ್ಬೆಗೂ ಏಳು ನಿಮಿಷ ಹಿಡಿದರೆ ಸುಮಾರು ಮೂರು ಮುಕ್ಕಾಲು ಗಂಟೆಯ ಕೆಲಸ. ಅವಸರಪಟ್ಟು ಬಾಣಲೆಯನ್ನು ಕಿಕ್ಕಿರಿದು ತುಂಬಿದರೆ ಎಣ್ಣೆ ತಣ್ಣಗಾಗಿ ವಡೆ ಎಣ್ಣೆಯನ್ನು ಕುಡಿಯುತ್ತದೆ. ಎರಡು ಬಾಣಲೆ ಇಡಬೇಕೇ ಹೊರತು ಒಂದನ್ನು ತುಂಬಬಾರದು.

ಇಲ್ಲಿ ಒಂದು ತೊಡಕಿದೆ. ಬೇಳೆಯ ವಡೆಗೆ ಜನ ಬರುವ ಹೊತ್ತು ಮೊದಲೇ ಗೊತ್ತಿರಬೇಕು. ಮೊದಲು ತಿಳಿಸದೆ ಬರುವ ಜನಕ್ಕೆ, ಬಂದು ಐದು ನಿಮಿಷದಲ್ಲಿ ಹೊರಟುಹೋಗುವ ಜನಕ್ಕೆ, ಏನು ಮಾಡಬೇಕು? ಈ ಪ್ರಶ್ನೆಯನ್ನು ನಮ್ಮ ನಾಡಿಗೆ ಒಡ್ಡಿದ್ದು ರೈಲು. ಬೆಂಗಳೂರು ಮೈಸೂರುಗಳ ನಡುವಣ ರೈಲುದಾರಿ 1882ರಲ್ಲಿ ಪೂರ್ತಿಯಾಯಿತು. ಆ ದಾರಿಯ ನಡುವೆ ಮದ್ದೂರು. ಅಲ್ಲಿಯ ನಿಲ್ದಾಣದಲ್ಲಿ ತಿಂಡಿ ಮಾರುತ್ತಿದ್ದ ರಾಮಚಂದ್ರ ಬುಧ್ಯ ಎಂಬವರು 1917ರಲ್ಲಿ ಒಂದು ದಿನ, ಪಕೋಡಕ್ಕೆಂದು ಕಲಸಿದ್ದ ಹಿಟ್ಟು ಕೈಯಲ್ಲಿರುವಾಗಲೇ ರೈಲು ಬಂದುಬಿಡಲು, ಆ ಹಿಟ್ಟನ್ನು ಅಂಗೈಯಲ್ಲಿ ತಟ್ಟಿ ಎಣ್ಣೆಗೆ ಬಿಟ್ಟು ಕೊಟ್ಟರೆಂದೂ ಪ್ರಯಾಣಿಕರು ಅದನ್ನು ಮೆಚ್ಚಿದರೆಂದೂ ಜನಜನಿತವಾದ ವೃತ್ತಾಂತ. ಮದ್ದೂರು ವಡೆಯನ್ನು ಪರೀಕ್ಷಿಸಿದರೆ ಈ ಮಾತು ಸಹಜವಾಗಿಯೇ ತೋರುತ್ತದೆ. ಅದರಲ್ಲಿ ನೆನೆಯಬೇಕಾದ ಬೇಳೆಯಿಲ್ಲ, ರುಬ್ಬುವ ಕೆಲಸವಿಲ್ಲ. ಅಕ್ಕಿಹಿಟ್ಟು, ರವೆ, ಮೈದಾ, ಹೆಚ್ಚಿದ ಈರುಳ್ಳಿ, ಕರಿಬೇವು, ಮೆಣಸಿನಕಾಯಿ. ಕಾದ ಎಣ್ಣೆಯನ್ನು ಬೆರಸಿ ಕಲಸಿದರೆ ಆಯಿತು. ಚಪ್ಪಟೆಯಾಗಿರುವುದರಿಂದ ಬೇಗ ಬೇಯುತ್ತದೆ, ಗರಿಗರಿಯಾಗುತ್ತದೆ, ಪೊಟ್ಟಣದಲ್ಲಿ ಕಟ್ಟಿಕೊಂಡು ಹೋದರೆ ಮಾರನೆಯ ದಿನಕ್ಕೂ ಕೆಡುವುದಿಲ್ಲ. ಹಳೆಯ ವಟಕ ಗಡಿಯಾರಕ್ಕೆ ಹೊಂದಿಕೊಂಡ ಬಗೆ ಇದು.

ಇಷ್ಟು ಹೇಳಿದ ಮೇಲೆ ಮುಖ್ಯ ವಿಷಯಕ್ಕೆ ಬರಬೇಕು. ನಮ್ಮ ಸಮಾಜದಲ್ಲಿ ಎಲೆಯ ಸಾಲು ಎಂಬುದು ಕೇವಲ ಊಟದ ಅನುಕೂಲವಾಗಿರಲಿಲ್ಲ. ಅದು ಅಂತಸ್ತಿನ ಗೆರೆ. 12ನೆಯ ಶತಮಾನದಲ್ಲಿ ಶರಣರು ದಾಸೋಹದ ಮೂಲಕ ಆ ಗೆರೆಯನ್ನು ಅಳಿಸಲು ಹೊರಟರು. ಗೆರೆ ಮತ್ತೆ ಮತ್ತೆ ಮೂಡಿತು. ರೈಲು ಎಲ್ಲರನ್ನೂ ಒಂದೇ ಗಾಡಿಯಲ್ಲಿ ಕೂರಿಸಿದರೂ ದಕ್ಷಿಣ ಭಾರತದ ಅನೇಕ ನಿಲ್ದಾಣಗಳ ಉಪಾಹಾರ ಗೃಹಗಳಲ್ಲಿ ಬ್ರಾಹ್ಮಣರಿಗೆ ಬೇರೆ, ಇತರರಿಗೆ ಬೇರೆ ಜಾಗವೆಂದು ಬಹುಕಾಲ ಫಲಕಗಳಿದ್ದವು. ಆದರೆ ನಿಲ್ದಾಣದ ಕಟ್ಟೆಯ ಮೇಲೆ ಬುಟ್ಟಿಯಲ್ಲಿ ಬಂದ ವಡೆಗೆ ಫಲಕವಿರಲಿಲ್ಲ. ಅನ್ನಕ್ಕಿದ್ದ ಮುಸುರೆಯ ಬಿಗಿ ಕಟ್ಟು ಕರಿದ ತಿಂಡಿಗೆ ಅಷ್ಟಾಗಿ ಇರಲಿಲ್ಲ. ಕಾಸು ಕೊಟ್ಟವನು ಕಿಟಕಿಯಿಂದ ಕೈಚಾಚಿ ಪಡೆದ. ಒಟ್ಟಿಗೆ ಕುಳಿತು ಉಣ್ಣಲಾರದ ಜನ ಒಂದೇ ಬಾಣಲೆಯಲ್ಲಿ ಬೆಂದದ್ದನ್ನು ಒಟ್ಟಿಗೆ ತಿಂದರು.

ಹಾಗೆಂದು ವಡೆಯೇ ಜಾತಿಯನ್ನು ಕರಗಿಸಿತೆಂದು ಹೇಳಿದರೆ ಅದು ಸುಳ್ಳಾದೀತು. ನಾನು ಹುಡುಗನಾಗಿದ್ದಾಗ ನಮ್ಮೂರಿನ ಹಬ್ಬವೊಂದರಲ್ಲಿ ಎಲ್ಲರಿಗೂ ಗುಗ್ಗರಿ, ಆಂಬೊಡೆ ಹಂಚುತ್ತಿದ್ದರು. ಶಾಲೆಯಲ್ಲಿ ನನ್ನ ಪಕ್ಕದಲ್ಲಿ ಕೂರುತ್ತಿದ್ದ ಗೆಳೆಯನೂ ಬಂದಿದ್ದ. ನನ್ನ ಅಂಗೈಗೆ ಆಂಬೊಡೆಯನ್ನು ಇಟ್ಟರು. ಅವನ ಬೊಗಸೆಗೆ ಗೇಣು ಮೇಲಿನಿಂದ ಬಿಟ್ಟರು. ಒಂದು ಕೆಳಗೆ ಬಿತ್ತು. ಅವನು ಅದನ್ನು ಎತ್ತಿ ಮಣ್ಣೂದಿ ಜೇಬಿನಲ್ಲಿಟ್ಟುಕೊಂಡ. ಇಟ್ಟರು, ಬಿಟ್ಟರು: ಎರಡು ಮಾತಿನ ನಡುವೆ ಮೊದಲ ಅಕ್ಷರವೊಂದೇ ವ್ಯತ್ಯಾಸ. ಮುಂದೆ ಎಷ್ಟೋ ವರ್ಷ ವ್ಯಾಕರಣ ಓದಿದರೂ ಆ ಎರಡು ಕ್ರಿಯಾಪದಗಳ ಅಂತರವನ್ನು ಅಷ್ಟು ಸ್ಪಷ್ಟವಾಗಿ ಯಾವ ಗ್ರಂಥವೂ ನನಗೆ ಕಲಿಸಲಿಲ್ಲ.

ಅದು ನಡೆದಾಗ ಕಾನೂನು ಇರಲಿಲ್ಲವೆ? ಇತ್ತು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದುಮಾಡಿತ್ತು. 15ನೆಯ ವಿಧಿ ಅಂಗಡಿ, ಹೋಟೆಲುಗಳಲ್ಲಿ ಎಲ್ಲರಿಗೂ ಪ್ರವೇಶವನ್ನು ಕೊಟ್ಟಿತ್ತು. 1955ರ ಕಾಯಿದೆ ಇವನ್ನು ಮೀರಿದವರಿಗೆ ಶಿಕ್ಷೆಯನ್ನು ವಿಧಿಸಿತ್ತು. ಕಾನೂನು ಬಾಗಿಲನ್ನು ತೆರೆಯಬಲ್ಲದು. ಕೈಗೂ ಕೈಗೂ ನಡುವಣ ಆ ಗೇಣಿನ ಅಂತರವನ್ನು ಮುಚ್ಚಬೇಕಾದವರು ನಾವು.

ಅಂಗೈಯ ತಿಂಡಿಯ ಗುಣವೂ ಪರೀಕ್ಷೆಯೂ ಇಲ್ಲಿಯೇ ಇದೆ. ಎಲೆಗೆ ಬಡಿಸುವಾಗ ನಡುವೆ ಸೌಟು ಇರುತ್ತದೆ. ಮನಸ್ಸಿನ ಹಿಂಜರಿಕೆ ಅದರ ಹಿಡಿಯ ಉದ್ದದಲ್ಲಿ ಮರೆಯಾಗಬಹುದು. ಅಂಗೈಗೆ ಕೊಡುವಾಗ ಆ ಮರೆ ಇಲ್ಲ. ಕೊಡುವ ಕೈ ತೆಗೆದುಕೊಳ್ಳುವ ಕೈಯನ್ನು ಮುಟ್ಟಿತೇ ಇಲ್ಲವೇ ಎಂಬುದು ಸುತ್ತ ನಿಂತವರಿಗೆಲ್ಲ ಕಾಣುತ್ತದೆ. ತೆಗೆದುಕೊಂಡವನಿಗಂತೂ ಬದುಕಿರುವವರೆಗೂ ನೆನಪಿರುತ್ತದೆ.

ನಮ್ಮ ಶಾಲೆಯಲ್ಲಿ ಆ ವಾರ್ಷಿಕೋತ್ಸವದ ದಿನದಿಂದ ಒಂದು ಕ್ರಮವನ್ನಿಟ್ಟುಕೊಂಡಿದ್ದೇವೆ. ತಿಂಡಿ ಹಂಚುವ ಮಕ್ಕಳನ್ನು ಹಾಜರಿ ಪುಸ್ತಕದ ಸರದಿಯಂತೆ ಆರಿಸುತ್ತೇವೆ. ಯಾರ ಮನೆಯ ಮಗು ಎಂದು ಕೇಳುವುದಿಲ್ಲ. ಅವರಿಗೆ ಹೇಳಿಕೊಡುವುದು ಎರಡೇ ಮಾತು: ಕೈ ತೊಳೆದುಕೊಳ್ಳಿ, ಆಮೇಲೆ ಅಂಗೈಗೆ ಇಡಿ. ಅವಲಕ್ಕಿ ಬೆರೆತ ಆ ನಾಲ್ಕು ನೂರು ಜನದ ಆಂಬೊಡೆ ಅಷ್ಟೇನೂ ಗರಿಗರಿಯಾಗಿರಲಿಲ್ಲ. ಆದರೆ ಒಂದೂ ಕೆಳಗೆ ಬೀಳಲಿಲ್ಲ.