ಹಳೆಯ ಸ್ಪೋರ್ಟ್ಸ್ ಕಾರುಗಳ ಎಲೆಕ್ಟ್ರಾನಿಕ್ಸ್ ದುರಸ್ತಿ: ಉಡುಪಿ ಕರಾವಳಿಯ ಹಿನ್ನೆಲೆಯಲ್ಲಿ

ಇಂಧನ ಪೂರೈಕೆ, ಇಗ್ನಿಷನ್, ಬ್ರೇಕು, ಹವಾನಿಯಂತ್ರಣ ಮುಂತಾದವನ್ನು ಎಲೆಕ್ಟ್ರಾನಿಕ್ ಘಟಕಗಳ ಮೂಲಕ ನಡೆಸುವ ಸ್ಪೋರ್ಟ್ಸ್ ಕಾರುಗಳನ್ನು, ತಯಾರಕರು ಬಿಡಿಭಾಗ ಮಾಡುವುದನ್ನು ನಿಲ್ಲಿಸಿದ ಮೇಲೂ ರಸ್ತೆಗಿಳಿಯುವ ಸ್ಥಿತಿಯಲ್ಲಿ ಉಳಿಸಿಕೊಳ್ಳುವ ಕೆಲಸ. ಮುಖ್ಯವಾಗಿ 1980ರ ದಶಕದಿಂದ ಈಚಿನ ಕಾರುಗಳಿಗೆ ಸಂಬಂಧಿಸಿದ್ದು. ಬಾಷ್ ಕಂಪನಿಯ ಮೊಟ್ರೋನಿಕ್ ವ್ಯವಸ್ಥೆ 1979ರಲ್ಲಿ ಬಿಎಂಡಬ್ಲ್ಯು 732ಐ ಕಾರಿನಲ್ಲಿ ಬಂದು, ಇಂಧನ ಇಂಜೆಕ್ಷನ್ ಮತ್ತು ಇಗ್ನಿಷನ್ ಎರಡನ್ನೂ ಒಂದೇ ಕಂಪ್ಯೂಟರಿಗೆ ಒಪ್ಪಿಸಿತು. ನಿಸ್ಸಾನ್ ಸ್ಕೈಲೈನ್ ಜಿಟಿ-ಆರ್ (1989), ಹೊಂಡಾ ಎನ್‌ಎಸ್‌ಎಕ್ಸ್ (1990), ಮಿತ್ಸುಬಿಷಿ 3000ಜಿಟಿ (1990) ಬರುವ ಹೊತ್ತಿಗೆ ಇಂಥ ಕಾರಿನ ಓಟದ ಗುಣವೆಲ್ಲ ಸರ್ಕಿಟ್ ಬೋರ್ಡುಗಳ ಮೇಲೆ ನಿಂತಿತ್ತು. ಆ ಬೋರ್ಡುಗಳಿಗೆ ಈಗ ಮೂವತ್ತೈದು ವರ್ಷ ತುಂಬಿದೆ.

ವಯಸ್ಸಾದ ಕಾರುಗಳೆಲ್ಲ ಒಂದೇ ಬಗೆಯ ತೊಂದರೆ ಕೊಡುವುದಿಲ್ಲ. ಧರ್ಮಸ್ಥಳದ ವಾಹನ ಸಂಗ್ರಹದಲ್ಲಿರುವಂಥ ಇಪ್ಪತ್ತನೆಯ ಶತಮಾನದ ಮೊದಲರ್ಧದ ಕಾರುಗಳನ್ನು ಲೇತ್, ಎರಕ, ಬೆಸುಗೆ ಬಲ್ಲ ಕುಶಲಕರ್ಮಿ ಇಂದಿಗೂ ಸರಿಪಡಿಸಬಲ್ಲ. ಬುಷ್ ಸವೆದರೆ ಅಳತೆ ತೆಗೆದು ಹೊಸದನ್ನು ಕಡೆಯಬಹುದು. 1990ರ ದಶಕದ ಕಾರಿನ ಕಂಟ್ರೋಲ್ ಯೂನಿಟ್ ಹಾಗಲ್ಲ. ಅದರೊಳಗಿನ ಚಿಪ್‌ನಲ್ಲಿ ಬರೆದಿಟ್ಟ ಲೆಕ್ಕಾಚಾರ ಯಾವ ಅಳತೆಗೋಲಿಗೂ ಸಿಗುವುದಿಲ್ಲ. ಅದು ಅಳಿಸಿಹೋದರೆ, ಬೇರೆಲ್ಲಾದರೂ ಪ್ರತಿ ಇಲ್ಲದಿದ್ದರೆ, ಅಲ್ಲಿಗೆ ಮುಗಿಯಿತು. ನೂರು ವರ್ಷದ ಕಾರಿಗಿಂತ ಮೂವತ್ತು ವರ್ಷದ ಕಾರನ್ನು ಉಳಿಸುವುದು ಕಷ್ಟ ಎಂಬ ಸ್ಥಿತಿ ಹುಟ್ಟಿರುವುದು ಹೀಗೆ.

ಕೆಡುವ ಭಾಗಗಳು

ಮೊದಲು ಸಾಯುವುದು ಅಲ್ಯುಮಿನಿಯಂ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್. ಇದರೊಳಗೆ ದ್ರವವಿರುತ್ತದೆ. ಶಾಖಕ್ಕೆ ದ್ರವ ಮೆಲ್ಲನೆ ಆರುತ್ತದೆ, ಇಲ್ಲವೇ ತಳದ ರಬ್ಬರ್ ಮುಚ್ಚಳದಿಂದ ಸೋರುತ್ತದೆ. ಉಷ್ಣತೆ ಹತ್ತು ಡಿಗ್ರಿ ಸೆಲ್ಸಿಯಸ್ ಏರಿದಂತೆಲ್ಲ ಇದರ ಬಾಳಿಕೆ ಅರ್ಧಕ್ಕೆ ಇಳಿಯುತ್ತದೆ ಎಂಬುದು ಎಲೆಕ್ಟ್ರಾನಿಕ್ಸ್ ಎಂಜಿನಿಯರುಗಳ ವಾಡಿಕೆಯ ಲೆಕ್ಕ. 1980ರ ದಶಕದ ಕೊನೆಯಿಂದ 1990ರ ದಶಕದ ಮೊದಲ ಭಾಗದವರೆಗೆ ಬೋರ್ಡಿನ ಮೇಲ್ಮೈಗೇ ಅಂಟಿಸುತ್ತಿದ್ದ ಸಣ್ಣ ಕೆಪಾಸಿಟರುಗಳು ವಿಶೇಷವಾಗಿ ಕೆಟ್ಟ ಹೆಸರು ಪಡೆದಿವೆ. ಸೋರಿದ ದ್ರವ ಬೋರ್ಡಿನ ತಾಮ್ರದ ಗೆರೆಗಳನ್ನು ತಿನ್ನುತ್ತದೆ. ಎನ್‌ಎಸ್‌ಎಕ್ಸ್‌ನ ಹವಾನಿಯಂತ್ರಣ ಘಟಕ, 3000ಜಿಟಿಯ ಎಂಜಿನ್ ಕಂಟ್ರೋಲ್ ಯೂನಿಟ್ ಎರಡೂ ಈ ಕಾಯಿಲೆಗೆ ಕುಖ್ಯಾತ. ಕಾರು ಒಮ್ಮೊಮ್ಮೆ ಸ್ಟಾರ್ಟ್ ಆಗದಿರುವುದು, ನಿಂತಲ್ಲಿ ಎಂಜಿನ್ ತೊನೆಯುವುದು, ಬೋರ್ಡಿನಿಂದ ಮೀನಿನಂಥ ವಾಸನೆ ಬರುವುದು ಇದರ ಗುರುತುಗಳು.

ಇದಕ್ಕೆ ಮದ್ದು ಇದೆ, ದುಬಾರಿಯೂ ಅಲ್ಲ. ಹಳೆಯ ಕೆಪಾಸಿಟರ್ ಕಿತ್ತು, ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಬೋರ್ಡನ್ನು ತೊಳೆದು, ಅದೇ ಮೈಕ್ರೋಫ್ಯಾರಡ್ ಬೆಲೆಯ, ಅಷ್ಟೇ ಅಥವಾ ಹೆಚ್ಚಿನ ವೋಲ್ಟೇಜಿನ, 105 ಡಿಗ್ರಿ ತಾಳುವ ಹೊಸದನ್ನು ಬೆಸೆಯುವುದು. ಗೆರೆ ತಿಂದುಹೋಗಿದ್ದರೆ ಸಣ್ಣ ತಂತಿಯಿಂದ ಜೋಡಿಸುವುದು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಈ ಭಾಗಗಳು ಕೆಲವೇ ರೂಪಾಯಿಗೆ ಸಿಗುತ್ತವೆ. ಟಿ.ವಿ., ಇನ್ವರ್ಟರ್ ರಿಪೇರಿ ಮಾಡಿ ಪಳಗಿದ ಕೈಗೆ ಇದು ಹೊಸ ವಿದ್ಯೆಯಲ್ಲ. ಕಾರಿನ ಗ್ಯಾರೇಜುಗಳು ಮಾತ್ರ ಈ ಕೆಲಸಕ್ಕೆ ಇಳಿಯುವುದು ಕಡಿಮೆ. ಘಟಕವನ್ನೇ ಬದಲಿಸಿ ಎಂದು ಹೇಳಿ ಕಳಿಸುವುದೇ ಹೆಚ್ಚು. ಬದಲಿ ಘಟಕವೇ ಸಿಗದಿದ್ದಾಗ ಆ ಸಲಹೆಗೆ ಅರ್ಥವಿಲ್ಲ. ಹಳೆಯ ಕಾರಿನ ಮಟ್ಟಿಗೆ ಗ್ಯಾರೇಜಿಗಿಂತ ರೇಡಿಯೊ-ಟಿ.ವಿ. ಅಂಗಡಿಯೇ ಎಷ್ಟೋ ಸಲ ಸರಿಯಾದ ಜಾಗ.

ಎರಡನೆಯದು ಬೆಸುಗೆಯ ಬಿರುಕು. ಅಲುಗಾಟ, ಬಿಸಿ-ತಂಪಿನ ಹಗ್ಗಜಗ್ಗಾಟದಿಂದ ರಿಲೇಗಳ ಕಾಲಿನ ಸುತ್ತ ಕಣ್ಣಿಗೆ ಕಾಣದ ಉಂಗುರದ ಬಿರುಕು ಬೀಳುತ್ತದೆ. ಪೋರ್ಷೆ 944 (1982–1991) ಕಾರಿನಲ್ಲಿ ಎಂಜಿನ್ ಕಂಪ್ಯೂಟರಿಗೆ ವಿದ್ಯುತ್ ಕೊಡುವ ಡಿಎಂಇ ರಿಲೇ ಇದರ ಹೆಸರಾಂತ ಉದಾಹರಣೆ. ನಡುದಾರಿಯಲ್ಲಿ ಎಂಜಿನ್ ನಿಲ್ಲುತ್ತದೆ, ತಣಿದ ಮೇಲೆ ಏನೂ ಆಗಿಲ್ಲವೆಂಬಂತೆ ಮತ್ತೆ ಹೊರಡುತ್ತದೆ. ಬೆಸುಗೆಯನ್ನು ಮತ್ತೊಮ್ಮೆ ಕರಗಿಸಿದರೆ ಸಾಕು. ಮೂರನೆಯದು ವೈರಿಂಗ್. ಮರ್ಸಿಡಿಸ್ 1990ರ ದಶಕದ ಮೊದಲರ್ಧದಲ್ಲಿ ಎಸ್‌ಎಲ್ ಸೇರಿ ಹಲವು ಮಾದರಿಗಳ ಎಂಜಿನ್ ವೈರಿಂಗಿಗೆ ಪರಿಸರಸ್ನೇಹಿ ಹೊದಿಕೆ ಬಳಸಿತು. ಶಾಖಕ್ಕೆ ಅದು ಪುಡಿಪುಡಿಯಾಗಿ ಉದುರಿ, ಬರಿ ತಂತಿಗಳು ಒಂದಕ್ಕೊಂದು ತಾಗಿ, ಒಳ್ಳೆಯ ಕಂಟ್ರೋಲ್ ಯೂನಿಟ್ಟುಗಳೂ ಸುಟ್ಟವು. ಮಳೆಗಾಲದಲ್ಲಿ ಬೆಚ್ಚಗಿನ ಜಾಗ ಹುಡುಕಿ ಬಾನೆಟ್ ಒಳಗೆ ಸೇರುವ ಇಲಿಗಳು ನಮ್ಮ ಕಡೆ ಅದೇ ಹಾನಿಯನ್ನು ಒಂದೇ ರಾತ್ರಿಯಲ್ಲಿ ಮಾಡುತ್ತವೆ.

ಉಪ್ಪುಗಾಳಿಯ ಪ್ರಶ್ನೆ

ಉಡುಪಿ ಜಿಲ್ಲೆಯಲ್ಲಿ ಈ ವಿಷಯಕ್ಕೆ ಬೇರೆಯದೇ ತೂಕ. ಹೂಡೆ ಒಂದು ಕಡೆ ಅರಬ್ಬಿ ಸಮುದ್ರ, ಇನ್ನೊಂದು ಕಡೆ ಸ್ವರ್ಣಾ ನದಿ ಇರುವ ಕಿರಿದಾದ ನೆಲ. ಉತ್ತರಕ್ಕೆ ಕೋಡಿ ಬೆಂಗ್ರೆಯಲ್ಲಿ ಸೀತಾ, ಸ್ವರ್ಣಾ ಎರಡೂ ಕಡಲು ಸೇರುತ್ತವೆ. ಇಲ್ಲಿ ಶೆಡ್ಡಿನಲ್ಲಿ ನಿಂತ ಕಾರಿಗೂ ಉಪ್ಪು ತಪ್ಪಿದ್ದಲ್ಲ. ಅಲೆ ಒಡೆದು ಹಾರುವ ಸಣ್ಣ ಹನಿಗಳು ಗಾಳಿಯಲ್ಲಿ ತೇಲಿ ಬಂದು ಕನೆಕ್ಟರ್, ಫ್ಯೂಸ್ ಪೆಟ್ಟಿಗೆ, ಸೆನ್ಸರುಗಳ ಮೇಲೆ ಕೂರುತ್ತವೆ. ಹೀಗೆ ಬೀಳುವ ಉಪ್ಪಿನ ಪ್ರಮಾಣ ತೀರದ ಮೊದಲ ಒಂದು ಕಿಲೋಮೀಟರಿನಲ್ಲೇ ಬಹುಪಾಲು ಇಳಿದುಬಿಡುತ್ತದೆ. ಮಣಿಪಾಲದ ಗುಡ್ಡದ ಮೇಲೆ ತೊಂದರೆ ಕಡಿಮೆ. ಕಡಲಿನಿಂದ ಸುಮಾರು 25 ಕಿ.ಮೀ. ಒಳಗಿರುವ ಕಾರ್ಕಳದಲ್ಲಿ ಇನ್ನೂ ಕಡಿಮೆ. ಅಲ್ಲಿ ಮಳೆಯ ತೇವವೇ ಮುಖ್ಯ ಶತ್ರು. ಕಾಪುವಿನಲ್ಲಿ ಕಡಲಬದಿಯ ಮನೆಯ ಕಾರಿಗೂ ಹೆದ್ದಾರಿಯ ಮೂಡಣ ಬದಿಯ ಮನೆಯ ಕಾರಿಗೂ ವ್ಯತ್ಯಾಸ ಕಾಣಬಹುದು.

ಉಪ್ಪು ಒಣಗಿದರೆ ನಿರುಪದ್ರವಿ ಎಂದುಕೊಳ್ಳುವವರಿದ್ದಾರೆ. ಕರಾವಳಿಯಲ್ಲಿ ಅದು ಒಣಗುವುದೇ ಅಪರೂಪ. ಅಡುಗೆ ಉಪ್ಪಾದ ಸೋಡಿಯಂ ಕ್ಲೋರೈಡ್ ಗಾಳಿಯ ಸಾಪೇಕ್ಷ ಆರ್ದ್ರತೆ ಸುಮಾರು 75 ಶೇಕಡ ದಾಟಿದರೆ ತಾನೇ ನೀರು ಹೀರಿ ದ್ರವವಾಗುತ್ತದೆ. ಕಡಲ ಉಪ್ಪಿನಲ್ಲಿರುವ ಮೆಗ್ನೀಷಿಯಂ ಕ್ಲೋರೈಡಿಗೆ ಸುಮಾರು 33 ಶೇಕಡ ಸಾಕು. ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾತ್ರವಲ್ಲ, ಬಿಸಿಲಿನ ತಿಂಗಳುಗಳಲ್ಲೂ ಪಿನ್ನುಗಳ ಮೇಲೆ ತೆಳುವಾದ ಉಪ್ಪುನೀರಿನ ಪದರ ಉಳಿಯುತ್ತದೆ. ಅದರ ಮೇಲೆ ಹನ್ನೆರಡು ವೋಲ್ಟಿನ ವಿದ್ಯುತ್ ಹರಿದರೆ ಪಿನ್ ಹಸಿರುಗಟ್ಟಿ ಕರಗುತ್ತದೆ. ಎಬಿಎಸ್ ಚಕ್ರದ ಸೆನ್ಸರ್, ಆಮ್ಲಜನಕ ಸೆನ್ಸರ್, ಅರ್ಥಿಂಗ್ ಪಟ್ಟಿಗಳು ಮೊದಲು ಹೋಗುತ್ತವೆ. ಇಂಥ ಕಡೆ ಸ್ಕ್ಯಾನರ್ ತೋರಿಸುವ ದೋಷಸಂಕೇತವನ್ನು ನಂಬಿ ದುಬಾರಿ ಘಟಕ ಬದಲಿಸುವುದು ದುಡುಕು. ಮೊದಲು ಅರ್ಥಿಂಗ್ ಬಿಚ್ಚಿ, ಉಜ್ಜಿ, ವೋಲ್ಟೇಜ್ ಎಲ್ಲಿ ಇಳಿಯುತ್ತಿದೆ ಎಂದು ಮಲ್ಟಿಮೀಟರಿನಲ್ಲಿ ನೋಡಬೇಕು. ಕನೆಕ್ಟರುಗಳನ್ನು ಸಿಹಿನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಡೈಎಲೆಕ್ಟ್ರಿಕ್ ಗ್ರೀಸ್ ಸವರುವುದು ವರ್ಷಕ್ಕೊಮ್ಮೆ, ಮಳೆಗೆ ಮುಂಚೆ ಮಾಡಬೇಕಾದ ಕೆಲಸ. ದುರಸ್ತಿಯಾದ ಬೋರ್ಡಿಗೆ ರಕ್ಷಕ ವಾರ್ನಿಷ್ ಲೇಪಿಸುವುದೂ ಒಳ್ಳೆಯದು, ಆದರೆ ಬೋರ್ಡನ್ನು ಚೆನ್ನಾಗಿ ತೊಳೆದ ನಂತರವೇ. ಇಲ್ಲವಾದರೆ ಉಪ್ಪು ಒಳಗೇ ಸೆರೆಯಾಗಿ ತನ್ನ ಕೆಲಸ ಮುಂದುವರಿಸುತ್ತದೆ. ಕಾರನ್ನು ತಿಂಗಳುಗಟ್ಟಲೆ ಗಾಳಿಯಾಡದ ಟಾರ್ಪಾಲಿನಲ್ಲಿ ಸುತ್ತಿಡುವುದು ಎಲ್ಲಕ್ಕಿಂತ ಕೆಟ್ಟ ಅಭ್ಯಾಸ.

ಕರ್ನಾಟಕದ ನಿದರ್ಶನಗಳು

ಬೆಂಗಳೂರು ಮೂಲದ ಸ್ಯಾನ್ ಸಮೂಹ ಗೋವಾದಲ್ಲಿ ತಯಾರಿಸಿದ ಸ್ಯಾನ್ ಸ್ಟಾರ್ಮ್ ಎರಡು ಆಸನದ, ಮಾಡು ತೆರೆಯುವ ಪುಟ್ಟ ಸ್ಪೋರ್ಟ್ಸ್ ಕಾರು. ಫೈಬರ್ ಗ್ಲಾಸ್ ಮೈ, ರೆನೋ ಕಂಪನಿಯ 1149 ಸಿಸಿ ಇಂಜೆಕ್ಷನ್ ಎಂಜಿನ್. ಕರಾವಳಿಗೆ ಹೇಳಿ ಮಾಡಿಸಿದಂತೆ ಮೈ ತುಕ್ಕು ಹಿಡಿಯುವುದಿಲ್ಲ. ಆದರೆ ಫೈಬರ್ ಮೈ ವಿದ್ಯುತ್ ಹರಿಸುವುದಿಲ್ಲವಾದ್ದರಿಂದ ಇಂಥ ಯಾವುದೇ ಕಾರಿನಲ್ಲಿ ಪ್ರತಿ ದೀಪಕ್ಕೂ ಸೆನ್ಸರಿಗೂ ಅರ್ಥಿಂಗ್ ತಂತಿಯನ್ನು ಬೇರೆಯಾಗಿಯೇ ಎಳೆಯಬೇಕು. ಅಷ್ಟೂ ಕೀಲುಗಳು ಉಪ್ಪಿಗೆ ತೆರೆದ ಬಾಗಿಲು. ಆ ಎಂಜಿನ್ ಆ ಕಾಲದ ಭಾರತದ ಬೇರಾವ ಜನಪ್ರಿಯ ಕಾರಿನಲ್ಲೂ ಇರಲಿಲ್ಲವಾಗಿ ಗುಜರಿಯಲ್ಲಿ ಅದರ ಸೆನ್ಸರ್ ಹುಡುಕುವುದು ಸುಲಭವಲ್ಲ. ಸಣ್ಣ ಸಂಖ್ಯೆಯಲ್ಲಿ ತಯಾರಾದ ಕಾರುಗಳ ದುರಂತ ಇದೇ: ಒಳ್ಳೆಯ ಕಾರಾಗಿದ್ದರೂ ಜೊತೆಗಾರರಿಲ್ಲದೆ ಸಾಯುತ್ತವೆ.

ಇನ್ನೊಂದು ನಿದರ್ಶನ ಸ್ಪೋರ್ಟ್ಸ್ ಕಾರಲ್ಲ, ಆದರೂ ಇಲ್ಲಿ ಹೇಳಬೇಕಾದದ್ದು. 2001ರಲ್ಲಿ ಬೆಂಗಳೂರಿನಲ್ಲಿ ಮಾರುಕಟ್ಟೆಗೆ ಬಂದ ರೇವಾ ವಿದ್ಯುತ್ ಕಾರು ಆರು ವೋಲ್ಟಿನ ಎಂಟು ಸೀಸ-ಆಮ್ಲ ಬ್ಯಾಟರಿಗಳಿಂದ ಓಡುತ್ತಿತ್ತು. ಚಾರ್ಜಿಂಗನ್ನು ಒಂದು ಕಂಪ್ಯೂಟರ್ ನೋಡಿಕೊಳ್ಳುತ್ತಿತ್ತು. ಲಂಡನ್ನಿನಲ್ಲಿ ಜಿ-ವಿಜ್ ಎಂಬ ಹೆಸರಿನಲ್ಲಿ ಮಾರಾಟವಾಯಿತು. 2010ರಲ್ಲಿ ಕಂಪನಿಯ 55.2 ಶೇಕಡ ಪಾಲು ಮಹೀಂದ್ರಕ್ಕೆ ಹೋದ ಮೇಲೆ ಹೊಸ ಮಾದರಿಗಳು ಬಂದವು, ಮೂಲ ರೇವಾ ನಿಂತಿತು. ಬ್ಯಾಟರಿಯನ್ನು ಯಾರೂ ಹೊಸದಾಗಿ ಹಾಕಬಹುದು. ಚಾರ್ಜರ್ ಮತ್ತು ಮೋಟಾರ್ ಕಂಟ್ರೋಲರ್ ಕೆಟ್ಟಾಗಲೇ ಮಾಲೀಕರು ಕೈಚೆಲ್ಲುವುದು. ಇಂದಿನ ಎಲ್ಲ ವಿದ್ಯುತ್ ಕಾರುಗಳ ಮುಂದಿನ ಪಾಡನ್ನು ರೇವಾ ಎರಡು ದಶಕ ಮೊದಲೇ ತೋರಿಸಿಕೊಟ್ಟಿತು.

ಬೀಗ ಹಾಕಿದ ತಂತ್ರಾಂಶ

1998ರಿಂದ ಯುರೋಪಿನ ಹೊಸ ಕಾರುಗಳಿಗೆ ಇಮ್ಮೊಬಿಲೈಸರ್ ಕಡ್ಡಾಯವಾಯಿತು. ಕೀಲಿಯೊಳಗಿನ ಚಿಪ್ ಮತ್ತು ಕಂಟ್ರೋಲ್ ಯೂನಿಟ್, ಎಷ್ಟೋ ಕಾರುಗಳಲ್ಲಿ ಮೀಟರ್ ಬೋರ್ಡ್ ಕೂಡ, ಪರಸ್ಪರ ಗುರುತು ಹಿಡಿದರೆ ಮಾತ್ರ ಎಂಜಿನ್ ಹೊರಡುತ್ತದೆ. ಕಳ್ಳತನ ತಡೆಯಲು ಬಂದ ಈ ಏರ್ಪಾಟು ಗುಜರಿಯ ಭಾಗವನ್ನು ನಿಷ್ಪ್ರಯೋಜಕ ಮಾಡಿತು. ಒಂದು ಆಡಿ ಟಿಟಿಯಿಂದ ಕಿತ್ತ ಯೂನಿಟ್ಟನ್ನು ಇನ್ನೊಂದಕ್ಕೆ ಹಾಗೆಯೇ ಹಾಕಿದರೆ ಅದು ಮಾತಾಡುವುದಿಲ್ಲ. ಗುಜರಿಯಿಂದ ಯೂನಿಟ್ ಕೊಳ್ಳುವವರು ಅದೇ ಕಾರಿನ ಕೀಲಿ, ಮೀಟರ್ ಬೋರ್ಡುಗಳನ್ನೂ ಜೊತೆಯಾಗಿಯೇ ಕೊಳ್ಳಬೇಕು.

ತಪಾಸಣೆಯ ಸಾಧನವೂ ಕಾರಿನಷ್ಟೇ ಮುದಿಯಾಗುತ್ತದೆ. 1990ರ ದಶಕದ ಮ್ಯಾಕ್ಲಾರೆನ್ ಎಫ್1 ತಯಾರಾದದ್ದು 106 ಮಾತ್ರ. ಕೋಟಿಗಟ್ಟಲೆ ಬೆಲೆಯ ಆ ಕಾರುಗಳ ಸರ್ವಿಸಿಗೆ ಕಂಪ್ಯಾಕ್ ಎಲ್‌ಟಿಇ 5280 ಎಂಬ ಹಳೆಯ ಲ್ಯಾಪ್‌ಟಾಪನ್ನೇ ಕಂಪನಿ ಕಾಪಾಡಿಕೊಂಡು ಬರಬೇಕಾಯಿತು. ಭಾರತದಲ್ಲಿ, ಕಾರು ತನ್ನ ದೋಷವನ್ನು ತಾನೇ ಗುರುತಿಸಿ ದಾಖಲಿಸುವ ಓಬಿಡಿ ವ್ಯವಸ್ಥೆ 2010ರಿಂದ, ಅದರ ಎರಡನೇ ಹಂತ 2013ರಿಂದ ಜಾರಿಗೆ ಬಂತು. ಅದಕ್ಕೂ ಹಿಂದಿನ ಅನೇಕ ಕಾರುಗಳಲ್ಲಿ ಕಂಪನಿಗೊಂದು ಬಗೆಯ ಕನೆಕ್ಟರ್, ಭಾಷೆ. ಇಂದಿನ ಅಗ್ಗದ ಸ್ಕ್ಯಾನರ್ ಅಲ್ಲಿ ಕುರುಡು.

ಇದಕ್ಕಿಂತ ಮೌನವಾಗಿ ನಡೆಯುವ ನಷ್ಟ ಚಿಪ್‌ನ ಮರೆವು. ಹಳೆಯ ಯೂನಿಟ್ಟುಗಳ ಇಪಿರಾಮ್ ಚಿಪ್‌ನಲ್ಲಿ ಮಾಹಿತಿ ವಿದ್ಯುದಂಶದ ರೂಪದಲ್ಲಿ ಸೆರೆಯಾಗಿರುತ್ತದೆ. ಅದನ್ನು ಹತ್ತಿಪ್ಪತ್ತು ವರ್ಷ ಹಿಡಿದಿಡುವಂತೆ ರೂಪಿಸಲಾಗಿತ್ತು, ಆ ಗಡುವು ದಾಟಿದೆ. ಸಾಧಾರಣ ಪ್ರೋಗ್ರಾಮರ್ ಯಂತ್ರದಲ್ಲಿ ಓದಿ ಪ್ರತಿ ಇಟ್ಟುಕೊಂಡರೆ ಅದನ್ನೇ ಹೊಸ ಚಿಪ್‌ಗೆ ಬರೆಯಬಹುದು. ಮೂಲ ಯೂನಿಟ್ ಪೂರ್ತಿ ಹೋದಾಗ ಮೆಗಾಸ್ಕ್ವರ್ಟ್, ಸ್ಪೀಡುಯಿನೊ ತರಹದ ಸ್ವತಂತ್ರ ಯೂನಿಟ್ಟುಗಳಿವೆ. ಸ್ಪೀಡುಯಿನೊ ಆರ್ಡುಯಿನೊ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡನ್ನು ಆಧರಿಸಿದ್ದು, ಅದರ ನಕ್ಷೆ ಎಲ್ಲರಿಗೂ ಮುಕ್ತ. ಮಣಿಪಾಲ ತಾಂತ್ರಿಕ ಸಂಸ್ಥೆಯ ಫಾರ್ಮುಲಾ ಮಣಿಪಾಲ್ ತಂಡದಂಥ ಕಡೆ ವಿದ್ಯಾರ್ಥಿಗಳೇ ರೇಸಿಂಗ್ ಕಾರು ಕಟ್ಟುತ್ತಾರೆ. ಹಳೆಯ ಕಾರಿನ ಬೋರ್ಡುಗಳನ್ನು ಓದಿ ನಕ್ಷೆ ಬರೆಯುವ ಕೆಲಸ ಇಂಥ ಕಾಲೇಜುಗಳ ಪ್ರಾಜೆಕ್ಟ್ ಪಟ್ಟಿಗೆ ಸೇರುವುದು ಎರಡೂ ಕಡೆಗೆ ಲಾಭ.

ಭಾಗ ಸಿಗುವ ದಾರಿಗಳು

ಕೆಲವು ತಯಾರಕರು ತಡವಾಗಿಯಾದರೂ ಹೊಣೆ ಹೊತ್ತಿದ್ದಾರೆ. ನಿಸ್ಸಾನಿನ ರೇಸಿಂಗ್ ವಿಭಾಗವಾದ ನಿಸ್ಮೋ 2017ರಲ್ಲಿ ಸ್ಕೈಲೈನ್ ಜಿಟಿ-ಆರ್ ಭಾಗಗಳನ್ನು ಮತ್ತೆ ಮಾಡತೊಡಗಿತು. ಟೊಯೊಟಾ 2020ರಲ್ಲಿ ಸುಪ್ರಾ ಕಾರಿನ ಭಾಗಗಳಿಗೆ ಇಂಥದೇ ಯೋಜನೆ ತಂದಿತು. ಪೋರ್ಷೆ 2018ರಲ್ಲಿ 959ರ ಕ್ಲಚ್ ಲಿವರ್ ಮುಂತಾದ ಅಪರೂಪದ ಭಾಗಗಳನ್ನು 3ಡಿ ಮುದ್ರಣದಿಂದ ತಯಾರಿಸಲು ಹೊರಟಿತು. ಲೋಹ, ರಬ್ಬರು, ಪ್ಲಾಸ್ಟಿಕ್ಕು ಹೀಗೆ ಮರಳಿ ಬರುತ್ತವೆ. ಉತ್ಪಾದನೆಯೇ ನಿಂತ ಚಿಪ್ಪಿನ ಬೋರ್ಡನ್ನು ಮರಳಿ ತರುವುದು ಅಷ್ಟು ಸುಲಭವಲ್ಲ.

ನಮ್ಮಲ್ಲಿ ಬೆಂಗಳೂರಿನ ಶಿವಾಜಿನಗರದ ಗುಜರಿ ಮತ್ತು ಜೆ.ಸಿ. ರಸ್ತೆ ಹಳೆಯ ನೆಲೆಗಳು. ಹೂಡೆ, ಕಾಪು ಕಡೆಯ ಅನೇಕ ಕುಟುಂಬಗಳಿಗೆ ಗಲ್ಫ್ ನಂಟಿರುವುದರಿಂದ ಶಾರ್ಜಾದ ಹಳೆ ಬಿಡಿಭಾಗಗಳ ಮಾರುಕಟ್ಟೆಯೂ ದೂರವಲ್ಲ. ಅಲ್ಲಿಂದ ತರಿಸುವಾಗ ಒಂದು ಎಚ್ಚರ: ಗಲ್ಫ್ ಕಾರುಗಳು ಎಡಗೈ ಚಾಲನೆಯವು. ಡ್ಯಾಶ್‌ಬೋರ್ಡಿನ ವೈರಿಂಗ್ ಹೊಂದುವುದಿಲ್ಲ. ಯೂನಿಟ್ಟಿನ ಪಾರ್ಟ್ ನಂಬರು ಕೊನೆಯ ಅಕ್ಷರದವರೆಗೂ ತಾಳೆಯಾಗಬೇಕು.

ಕಾನೂನು

ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್ 25ರಂದು, ಬಿಡಿಭಾಗ ಮತ್ತು ತಪಾಸಣಾ ಸಾಧನಗಳನ್ನು ಹೊರಗಿನ ಗ್ಯಾರೇಜುಗಳಿಗೆ ಕೊಡದ 14 ಕಾರು ಕಂಪನಿಗಳಿಗೆ ಸುಮಾರು 2,545 ಕೋಟಿ ರೂಪಾಯಿ ದಂಡ ವಿಧಿಸಿತು. ಮೇಲ್ಮನವಿಗಳು ನಡೆದವು. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ದುರಸ್ತಿಯ ಹಕ್ಕಿನ ಚೌಕಟ್ಟಿಗೆ ಸಮಿತಿ ರಚಿಸಿ, ವಾಹನಗಳನ್ನೂ ಅದರಲ್ಲಿ ಸೇರಿಸಿತು.

ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಮುಂದೆ ಐದೈದು ವರ್ಷಕ್ಕೆ ನವೀಕರಣ. ಆಮದು ಕಾರಿನ ನವೀಕರಣ ಶುಲ್ಕ 2022ರಲ್ಲಿ 40,000 ರೂಪಾಯಿಗೆ, 20 ವರ್ಷ ದಾಟಿದವಕ್ಕೆ 2025ರಲ್ಲಿ 80,000 ರೂಪಾಯಿಗೆ ಏರಿತು. 2021ರ ವಿಂಟೇಜ್ ನಿಯಮದ ರಿಯಾಯಿತಿ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ವಾಹನಕ್ಕೆ ಮಾತ್ರ. 1990ರ ಕಾರಿಗೆ ಅದು 2040ರವರೆಗೆ ದಕ್ಕದು. ಎಲೆಕ್ಟ್ರಾನಿಕ್ಸ್ ಸಾಯುವ ವಯಸ್ಸಿಗೂ ಕಾನೂನು ಗೌರವಿಸುವ ವಯಸ್ಸಿಗೂ ನಡುವೆ ಇಪ್ಪತ್ತು ವರ್ಷಗಳ ಕಂದಕವಿದೆ. ಸರ್ಕಾರ ಆ ಮಿತಿಯನ್ನು 30 ವರ್ಷಕ್ಕೆ ಇಳಿಸಬೇಕು. ಅದಾಗುವವರೆಗೆ ಇಂಥ ಕಾರು ಇಟ್ಟುಕೊಂಡವರು ಬರುವ ಮಳೆಗಾಲಕ್ಕೆ ಮೊದಲು ಕಂಟ್ರೋಲ್ ಯೂನಿಟ್ ಬಿಚ್ಚಿಸಿ, ಚಿಪ್ ಓದಿಸಿ, ಪ್ರತಿಯನ್ನು ಎರಡು ಕಡೆ ಜೋಪಾನ ಮಾಡಬೇಕು, ಅದೇ ಮಾದರಿಯ ಕಾರು ಉಳ್ಳ ಇನ್ನೊಬ್ಬರಿಗೂ ಕೊಡಬೇಕು.