ತತ್ವಪದಕ್ಕೆ ಗಿಟಾರ್ ಸಾಥ್: ಲಯದ ಮೀಟು ಕಲಿಯುವ ಬಗೆ

ಹಾವೇರಿ ಜಿಲ್ಲೆ ಹಾಡಿನ ನೆಲ. ಕನಕದಾಸರ ಜನ್ಮಸ್ಥಳ ಬಾಡ, ಅವರ ಹೆಸರಿನೊಂದಿಗೆ ಬೆರೆತಿರುವ ಬ್ಯಾಡಗಿ ತಾಲ್ಲೂಕಿನ ಕಾಗಿನೆಲೆ, ಸಂತ ಶಿಶುನಾಳ ಷರೀಫರ (1819-1889) ಶಿಶುವಿನಹಾಳ, ಪಂಚಾಕ್ಷರಿ ಗವಾಯಿಗಳು ಹುಟ್ಟಿದ ಹಾನಗಲ್ಲ ತಾಲ್ಲೂಕು ಎಲ್ಲವೂ ಇದೇ ಜಿಲ್ಲೆಯಲ್ಲಿವೆ. ರಾಣೆಬೆನ್ನೂರು ಸಮೀಪದ ದೇವರಗುಡ್ಡದಲ್ಲಿ ಗೊರವರ ಡಮರುಗ, ಹಳ್ಳಿಗಳಲ್ಲಿ ಡೊಳ್ಳು, ಭಜನಾ ಮೇಳಗಳಲ್ಲಿ ಏಕತಾರಿ, ದಮ್ಮಡಿ ಮತ್ತು ತಾಳ ಇಂದಿಗೂ ಕೇಳಿಬರುತ್ತವೆ. ಗಿಟಾರ್ ಕಲಿಯಹೊರಟ ಇಲ್ಲಿನ ಯುವಕರ ಕಿವಿಯಲ್ಲಿ ಲಯ ಮೊದಲೇ ನೆಲೆಸಿರುತ್ತದೆ. ಅದನ್ನು ಕೈಗೆ ಇಳಿಸುವುದಷ್ಟೇ ಉಳಿದ ಕೆಲಸ.

ಷರೀಫರ ಪದಗಳು ಗಿಟಾರಿಗೆ ಹೊಸತಲ್ಲ. 1990ರಲ್ಲಿ ಟಿ.ಎಸ್.ನಾಗಾಭರಣ ನಿರ್ದೇಶಿಸಿದ 'ಸಂತ ಶಿಶುನಾಳ ಷರೀಫ' ಚಿತ್ರಕ್ಕೆ ಸಿ.ಅಶ್ವಥ್ ನೀಡಿದ ಸಂಗೀತ ಈ ಪದಗಳನ್ನು ನಾಡಿನ ಮನೆಮನೆಗೆ ತಲುಪಿಸಿತು. 2008ರಲ್ಲಿ ರಘು ದೀಕ್ಷಿತ್ ತಮ್ಮ ಮೊದಲ ಆಲ್ಬಂನಲ್ಲಿ ಷರೀಫರ 'ಗುಡುಗುಡಿಯ ಸೇದಿ ನೋಡೋ' ಪದವನ್ನು ಗಿಟಾರ್ ಪ್ರಧಾನ ತಂಡದೊಂದಿಗೆ ಹಾಡಿದರು. ತತ್ವಪದ ಮತ್ತು ಗಿಟಾರ್ ಒಂದೇ ವೇದಿಕೆಯಲ್ಲಿ ನಿಲ್ಲಬಲ್ಲವೆಂಬುದು ಅಲ್ಲಿಗೆ ಸ್ಪಷ್ಟವಾಯಿತು.

ರಿದಮ್ ಗಿಟಾರ್ ಎಂದರೆ

ಗಿಟಾರ್ ವಾದನದಲ್ಲಿ ಎರಡು ಮುಖ್ಯ ಪಾತ್ರಗಳಿವೆ. ಹಾಡಿನ ಧಾಟಿಯನ್ನೋ ಅದರ ನಡುವಣ ಸ್ವರಾಲಂಕಾರವನ್ನೋ ನುಡಿಸುವುದು 'ಲೀಡ್'. ಹಲವು ಸ್ವರಗಳನ್ನು ಒಟ್ಟಿಗೆ ಹಿಡಿದು, ಅಂದರೆ ಕಾರ್ಡ್ ಹಿಡಿದು, ತಾಳಕ್ಕೆ ಸರಿಯಾಗಿ ತಂತಿಗಳನ್ನು ಮೀಟುತ್ತ ಗಾಯಕನಿಗೆ ಆಧಾರವಾಗುವುದು 'ರಿದಮ್'. ಭಜನೆಯಲ್ಲಿ ಹಾರ್ಮೋನಿಯಂ ಮತ್ತು ತಬಲಾ ಕೂಡಿ ಮಾಡುವ ಕೆಲಸದ ಬಹುಪಾಲನ್ನು ಇಲ್ಲಿ ಒಂದೇ ವಾದ್ಯ ನಿರ್ವಹಿಸುತ್ತದೆ. ಎಡಗೈ ಸ್ವರವನ್ನೂ ಬಲಗೈ ಲಯವನ್ನೂ ನೋಡಿಕೊಳ್ಳುತ್ತದೆ. ಕಲಿಯುವವರು ಬೆರಳುಗಳ ನೋವಿನ ಕಾರಣ ಎಡಗೈಯತ್ತಲೇ ಗಮನ ಕೊಡುವುದುಂಟು. ಆದರೆ ಕೇಳುಗನ ತಲೆದೂಗಿಸುವುದು ಬಲಗೈ.

ಎಂಟು ಮಾತ್ರೆಯ ಮೀಟು

ಭಜನೆಗಳಲ್ಲಿ ಹೆಚ್ಚು ಬಳಕೆಯಾಗುವ ಕೆಹರ್ವಾ ತಾಳಕ್ಕೆ ಎಂಟು ಮಾತ್ರೆ: ಧಾ ಗೆ ನಾ ತಿ, ನಾ ಕೆ ಧಿ ನಾ. ಗಿಟಾರ್ ತರಗತಿಗಳಲ್ಲಿ ಆರಂಭದಲ್ಲೇ ಹೇಳಿಕೊಡುವ 'ಕೆಳಗೆ, ಕೆಳಗೆ-ಮೇಲೆ, ಮೇಲೆ-ಕೆಳಗೆ-ಮೇಲೆ' ಎಂಬ ಮೀಟು ಈ ಎಂಟು ಮಾತ್ರೆಗಳೊಳಗೆ ಸಲೀಸಾಗಿ ಕೂರುತ್ತದೆ. ಕ್ರಮ ಹೀಗಿದೆ: 1ರಲ್ಲಿ ಕೆಳಗೆ, 2ರಲ್ಲಿ ಮೌನ, 3ರಲ್ಲಿ ಕೆಳಗೆ, 4ರಲ್ಲಿ ಮೇಲೆ, 5ರಲ್ಲಿ ಮೌನ, 6ರಲ್ಲಿ ಮೇಲೆ, 7ರಲ್ಲಿ ಕೆಳಗೆ, 8ರಲ್ಲಿ ಮೇಲೆ.

ಮೌನದ ಮಾತ್ರೆಗಳಲ್ಲೂ ಕೈ ನಿಲ್ಲಬಾರದು ಎಂಬುದು ಇಲ್ಲಿನ ಮುಖ್ಯ ಸೂತ್ರ. ಗಡಿಯಾರದ ಲೋಲಕದಂತೆ ಬೆಸ ಮಾತ್ರೆಗೆ ಕೆಳಗೂ ಸಮ ಮಾತ್ರೆಗೆ ಮೇಲೂ ಕೈ ಆಡುತ್ತಲೇ ಇರಬೇಕು. ಮೌನದಲ್ಲಿ ತಂತಿಯನ್ನು ಮುಟ್ಟದೆ ಹಾದುಹೋಗಬೇಕು. ಕೈ ನಿಂತರೆ ಲಯ ತಪ್ಪುತ್ತದೆ. ಕೆಹರ್ವಾದ ಐದನೆಯ ಮಾತ್ರೆ ಖಾಲಿಯ ಸ್ಥಾನ. ಗಿಟಾರಿನ ಮೌನವೂ ಅಲ್ಲಿಯೇ ಬೀಳುವುದರಿಂದ ಎರಡೂ ಹೊಂದಿಕೊಳ್ಳುತ್ತವೆ. ಕೆಳಮುಖದ ಮೀಟಿನಲ್ಲಿ ದಪ್ಪ ತಂತಿಗಳಿಗೆ ಒತ್ತು ಕೊಟ್ಟು, ಮೇಲ್ಮುಖದ ಮೀಟಿನಲ್ಲಿ ಕೊನೆಯ ಎರಡು ಮೂರು ತೆಳು ತಂತಿಗಳನ್ನಷ್ಟೇ ಸವರಿದರೆ ತಬಲಾದ ಎಡ-ಬಲಗಳ ಛಾಯೆ ಮೂಡುತ್ತದೆ.

ಆರು ಮಾತ್ರೆಯ ತೊಡಕು

ದಾದ್ರಾ ತಾಳದ ಆರು ಮಾತ್ರೆಗಳು (ಧಾ ಧೀ ನಾ, ಧಾ ತೀ ನಾ) ಮೂರು ಮೂರಾಗಿ ಒಡೆಯುತ್ತವೆ. ಕೆಳಗೆ-ಮೇಲೆ ಎಂದು ಸರದಿಯಂತೆ ಮೀಟಿದರೆ ನಾಲ್ಕನೆಯ ಮಾತ್ರೆ ಮೇಲ್ಮುಖಕ್ಕೆ ಬಂದು ಅಲ್ಲಿನ ಒತ್ತು ಸಡಿಲವಾಗುತ್ತದೆ. ಹೊಸಬರು ಎಡವುವುದು ಇಲ್ಲಿಯೇ. ವಿಳಂಬ ಗತಿಯಲ್ಲಿ ಆರನ್ನೂ ಕೆಳಮುಖವಾಗಿ ಮೀಟಿ, 1ಕ್ಕೆ ಹೆಚ್ಚು, 4ಕ್ಕೆ ಸ್ವಲ್ಪ ಕಡಿಮೆ ಒತ್ತು ಕೊಡುವುದು ಸುಲಭ ಮಾರ್ಗ. ಗತಿ ಏರಿದಾಗ 'ಕೆಳಗೆ-ಕೆಳಗೆ-ಮೇಲೆ' ಎಂಬುದನ್ನು ಎರಡು ಬಾರಿ ನುಡಿಸಿದರೆ ಎರಡೂ ಒತ್ತುಗಳು ಕೆಳಮುಖಕ್ಕೇ ಬರುತ್ತವೆ.

ಗಾಯಕನ ಶ್ರುತಿ, ಗಿಟಾರಿನ ಕ್ಯಾಪೊ

ಭಜನೆಯಲ್ಲಿ ಶ್ರುತಿಯನ್ನು ನಿರ್ಧರಿಸುವವನು ಗಾಯಕ. ಹಾರ್ಮೋನಿಯಂನ ಕಪ್ಪು ಒಂದನೆಯ ಮನೆ ಅಂದರೆ ಸಿ ಶಾರ್ಪ್. ಗಿಟಾರಿನಲ್ಲಿ ಇದಕ್ಕೆ ನೇರವಾಗಿ ಕಾರ್ಡ್ ಹಿಡಿಯುವುದು ಹೊಸಬರಿಗೆ ಕಷ್ಟ. ಕ್ಯಾಪೊ ಎಂಬ ಹಿಡಿಕೆಯನ್ನು ಮೊದಲ ಫ್ರೆಟ್‌ಗೆ ಹಾಕಿ ಸಿ ಕಾರ್ಡಿನ ಆಕಾರ, ಅಥವಾ ನಾಲ್ಕನೆಯ ಫ್ರೆಟ್‌ಗೆ ಹಾಕಿ ಎ ಕಾರ್ಡಿನ ಆಕಾರ ಹಿಡಿದರೆ ಶ್ರುತಿ ಕೂಡುತ್ತದೆ. ಕಪ್ಪು ಎರಡಕ್ಕೆ ಮೊದಲ ಫ್ರೆಟ್‌ನಲ್ಲಿ ಕ್ಯಾಪೊ ಹಾಕಿ ಡಿ ಕಾರ್ಡಿನ ಆಕಾರ ಸಾಕು.

ಕಾರ್ಡ್ ಹೆಚ್ಚಾದರೆ ಧಾಟಿಗೆ ಕುತ್ತು

ಏಕತಾರಿ ಕೇವಲ ಷಡ್ಜವನ್ನು ನುಡಿದು ಗಾಯಕನಿಗೆ ಪೂರ್ಣ ಸ್ವಾತಂತ್ರ್ಯ ಬಿಡುತ್ತದೆ. ಕಾರ್ಡ್ ಹಾಗಲ್ಲ. ಅದರಲ್ಲಿ ಗಾಂಧಾರವೂ ಸೇರಿರುತ್ತದೆ. ಧಾಟಿಯಲ್ಲಿ ಕೋಮಲ ಗಾಂಧಾರವಿದ್ದು ವಾದಕ ಮೇಜರ್ ಕಾರ್ಡ್ ಹಿಡಿದರೆ ಎರಡು ಗಾಂಧಾರಗಳು ಡಿಕ್ಕಿ ಹೊಡೆದು ಪದದ ಭಾವವೇ ಕೆಡುತ್ತದೆ. ಸಂದೇಹವಿದ್ದಲ್ಲಿ ಗಾಂಧಾರವನ್ನು ಬಿಟ್ಟು ಷಡ್ಜ-ಪಂಚಮಗಳನ್ನಷ್ಟೇ ಹಿಡಿಯುವ 'ಪವರ್ ಕಾರ್ಡ್' ಸುರಕ್ಷಿತ. ಸಿನಿಮಾ ಗೀತೆಯಂತೆ ಸಾಲಿಗೆ ನಾಲ್ಕು ಕಾರ್ಡ್ ಬದಲಿಸುವ ಅಗತ್ಯ ತತ್ವಪದಕ್ಕಿಲ್ಲ. ಹಲವೆಡೆ ಒಂದು ಅಥವಾ ಎರಡು ಸಾಕು.

ಧ್ವನಿಯ ಪ್ರಮಾಣವೂ ಮುಖ್ಯ. ತತ್ವಪದದ ಜೀವ ಅದರ ಒಗಟಿನಂತಹ ಮಾತಿನಲ್ಲಿದೆ. ಮಾತು ಕೇಳಿಸದಿದ್ದರೆ ಉಳಿಯುವುದು ಕುಣಿತ ಮಾತ್ರ. ಪಲ್ಲವಿಯಲ್ಲಿ ತಂತಿಗಳನ್ನು ತೆರೆದು ಮೀಟಿ, ನುಡಿಗಳಲ್ಲಿ ಬಲ ಅಂಗೈಯ ಅಂಚನ್ನು ಬ್ರಿಜ್ ಬಳಿ ತಂತಿಗಳ ಮೇಲೆ ಮೃದುವಾಗಿ ಊರಿದರೆ ನಾದ ತಗ್ಗಿ ಮಾತು ಮುಂದೆ ಬರುತ್ತದೆ. ಇದಕ್ಕೆ 'ಪಾಮ್ ಮ್ಯೂಟಿಂಗ್' ಎನ್ನುತ್ತಾರೆ.

ಅಭ್ಯಾಸ ಕ್ರಮ

* ಮೊದಲ ವಾರ ಕಾರ್ಡ್ ಹಿಡಿಯದೆ, ಎಡಗೈಯಿಂದ ತಂತಿಗಳನ್ನು ಮೆಲ್ಲಗೆ ಮುಚ್ಚಿ ಬಲಗೈಯ ಮೀಟನ್ನು ಮಾತ್ರ ರೂಢಿಸಿಕೊಳ್ಳಬೇಕು.
* ಮೆಟ್ರೊನೋಮ್ ಅನ್ನು ನಿಮಿಷಕ್ಕೆ 60 ಬಡಿತಕ್ಕೆ ಇರಿಸಿ, ತಪ್ಪಿಲ್ಲದೆ ಬಂದ ಬಳಿಕ ಐದೈದರಂತೆ ಏರಿಸಬೇಕು.
* ಮೀಟುವಾಗ ಬಾಯಲ್ಲಿ ತಾಳದ ಬೋಲ್ ಹೇಳಬೇಕು. ಬಾಯಿಗೆ ಬಂದ ಲಯ ಕೈಗೆ ಬೇಗ ಬರುತ್ತದೆ.
* ಜಿ, ಸಿ, ಡಿ ಮತ್ತು ಇ ಮೈನರ್ ಕಾರ್ಡ್‌ಗಳನ್ನು ಎರಡೆರಡರ ಜೋಡಿಯಾಗಿ ಬದಲಿಸುವ ಅಭ್ಯಾಸ ಮಾಡಬೇಕು. ಬದಲಾವಣೆ ತಡವಾದರೂ ಬಲಗೈ ನಿಲ್ಲಬಾರದು.
* ಊರಿನ ಭಜನಾ ಮೇಳದಲ್ಲಿ ಕುಳಿತು, ಮೊದಲ ಕೆಲವು ದಿನ ನುಡಿಸದೆ ದಮ್ಮಡಿ ಮತ್ತು ತಾಳಗಳ ಒತ್ತು ಎಲ್ಲಿ ಬೀಳುತ್ತದೆಂಬುದನ್ನು ಆಲಿಸಬೇಕು.

ಮೊದಲ ನಾಲ್ಕು ಅಭ್ಯಾಸಗಳಿಗೆ ಅಂತರ್ಜಾಲದಲ್ಲಿ ಬೇಕಾದಷ್ಟು ಪಾಠಗಳು ಸಿಗುತ್ತವೆ. ಕೊನೆಯದಕ್ಕೆ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರಿನ ಕಲಿಕಾರ್ಥಿಗಳು ದೂರ ಹೋಗಬೇಕಾಗಿಲ್ಲ. ಆದರೆ ಮೇಳದ ಹಿರಿಯರು ಹಾಡುತ್ತಿರುವಾಗಲೇ ಆ ಪಾಠ ಆಗಬೇಕು.