ತುಮಕೂರಿನ ಹಳ್ಳಿಗಳು ಕಲಿಸಿದ ಪಾಠ

ಕ್ಷಯ ಎಂಬ ಹೆಸರನ್ನು ನಮ್ಮ ಅಜ್ಜಿಯರ ಕಾಲದಲ್ಲಿ ಯಾರೂ ಗಟ್ಟಿಯಾಗಿ ಹೇಳುತ್ತಿರಲಿಲ್ಲ. ‘ಆ ಕಾಯಿಲೆ’ ಎಂದರೆ ಸಾಕು, ಎಲ್ಲರಿಗೂ ಅರ್ಥವಾಗುತ್ತಿತ್ತು. ಅರಮನೆಯನ್ನೂ ಅದು ಬಿಡಲಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಸಹೋದರಿ ಕೃಷ್ಣಾಜಮ್ಮಣ್ಣಿಯವರು ಕ್ಷಯಕ್ಕೆ ಬಲಿಯಾದರು. ಮೈಸೂರಿನ ಕ್ಷಯರೋಗ ಆಸ್ಪತ್ರೆಗೆ ಇಂದಿಗೂ ಅವರದೇ ಹೆಸರು.

ಆದರೆ ಈ ರೋಗದ ಬಗ್ಗೆ ಜಗತ್ತಿಗೇ ಹೊಸ ತಿಳಿವಳಿಕೆ ಕೊಟ್ಟ ಒಂದು ಅಧ್ಯಯನ ನಮ್ಮ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ನಡೆಯಿತೆಂಬುದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಹಿತ್ತಲ ಗಿಡ ಮದ್ದಲ್ಲ ಎಂಬ ಮಾತು ಇಲ್ಲಿಗೂ ಸಲ್ಲುತ್ತದೆ. ಆ ಅಧ್ಯಯನವನ್ನು ಮಾಡಿದವರು ಡಾ. ದೇಬಬರ್ ಬ್ಯಾನರ್ಜಿ. ವೈದ್ಯರಾಗಿದ್ದೂ ಮಾನವಶಾಸ್ತ್ರವನ್ನು ಓದಿದವರು. ರೋಗಿಯ ಎದೆಯೊಳಗೆ ಏನಿದೆ ಎಂಬುದರ ಜೊತೆಗೆ ಅವನ ಮನಸ್ಸಿನೊಳಗೆ ಏನಿದೆ ಎಂದೂ ಕೇಳಬೇಕೆಂದು ನಂಬಿದವರು.

ಆಗಿನ ಪರಿಸ್ಥಿತಿಯನ್ನು ಸ್ವಲ್ಪ ನೆನೆಯೋಣ. 1955ರಿಂದ 1958ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯಿಂದ, ಕ್ಷಯವು ನಗರಗಳಲ್ಲಿ ಇರುವಷ್ಟೇ ಹಳ್ಳಿಗಳಲ್ಲೂ ಇದೆ ಎಂದು ತಿಳಿದುಬಂತು. ಅಷ್ಟು ರೋಗಿಗಳಿಗೆ ಸ್ಯಾನಿಟೋರಿಯಂಗಳಲ್ಲಿ ಹಾಸಿಗೆ ಒದಗಿಸುವುದು ಕನಸಿನ ಮಾತು. ಅದೇ ವೇಳೆಗೆ ಮದ್ರಾಸಿನಲ್ಲಿ ನಡೆದ ಪ್ರಯೋಗವೊಂದು ಮನೆಯಲ್ಲೇ ಇದ್ದು ಮಾತ್ರೆ ನುಂಗಿದ ರೋಗಿಯೂ ಸ್ಯಾನಿಟೋರಿಯಂನಲ್ಲಿದ್ದ ರೋಗಿಯಷ್ಟೇ ಚೆನ್ನಾಗಿ ಗುಣವಾಗುತ್ತಾನೆ ಎಂದು 1959ರಲ್ಲಿ ತೋರಿಸಿತು. ಔಷಧಿಯ ಚಿಂತೆ ಹೀಗೆ ಕಡಿಮೆಯಾಯಿತು. ಆದರೆ ರೋಗಿಯನ್ನು ಹುಡುಕುವುದು ಹೇಗೆ? ಹಳ್ಳಿಯವರು ಅಜ್ಞಾನಿಗಳು, ತಾವಾಗಿ ಬರುವವರಲ್ಲ, ನಾವೇ ಎಕ್ಸ್‌ರೇ ವಾಹನ ತೆಗೆದುಕೊಂಡು ಊರೂರು ಅಲೆಯಬೇಕು ಎಂಬುದು ಬಹುಮಂದಿ ತಜ್ಞರ ಎಣಿಕೆಯಾಗಿತ್ತು.

ಅಮೆರಿಕದಲ್ಲೂ ಇದೇ ತಲೆನೋವು. ಅಲ್ಲಿ ಉಚಿತ ಎಕ್ಸ್‌ರೇ ಇದ್ದರೂ ಜನ ಬರುತ್ತಿರಲಿಲ್ಲ. ಅಲ್ಲಿನ ಸಾರ್ವಜನಿಕ ಆರೋಗ್ಯ ಇಲಾಖೆಯಲ್ಲಿದ್ದ ಸಾಮಾಜಿಕ ಮನಶ್ಶಾಸ್ತ್ರಜ್ಞ ಗಾಡ್ಫ್ರೆ ಹಾಖ್‌ಬಾಮ್ ಮೂರು ನಗರಗಳ ಸುಮಾರು 1,200 ಜನರನ್ನು ಮಾತನಾಡಿಸಿ 1958ರಲ್ಲಿ ತಮ್ಮ ವರದಿ ಪ್ರಕಟಿಸಿದರು. ‘ನನಗೂ ಈ ರೋಗ ಬರಬಹುದು, ಬೇಗ ಪತ್ತೆಯಾದರೆ ಒಳ್ಳೆಯದು’ ಎಂದು ನಂಬಿದವರಲ್ಲಿ ಶೇ. 82 ಮಂದಿ ತಾವಾಗಿ ಎಕ್ಸ್‌ರೇ ಮಾಡಿಸಿಕೊಂಡಿದ್ದರು. ಎರಡನ್ನೂ ನಂಬದವರಲ್ಲಿ ಶೇ. 21 ಮಂದಿ ಮಾತ್ರ. ಅಂದರೆ ಗಂಟು ಇರುವುದು ಜನರ ನಂಬಿಕೆಯಲ್ಲಿ ಎಂದಾಯಿತು. ಇಂದು ಆರೋಗ್ಯ ಶಿಕ್ಷಣದ ಪಠ್ಯಗಳಲ್ಲೆಲ್ಲ ಬರುವ ‘ಆರೋಗ್ಯ ನಂಬಿಕೆಯ ಮಾದರಿ’ಗೆ ಈ ಕೆಲಸವೂ ಒಂದು ತಳಪಾಯ.

ನಮ್ಮ ಹಳ್ಳಿಗಳಲ್ಲೂ ಗಂಟು ಅಲ್ಲೇ ಇತ್ತೇ? ಅದನ್ನು ಊಹಿಸದೆ ಹೋಗಿ ಕೇಳಿದ್ದೇ ಬ್ಯಾನರ್ಜಿಯವರ ಹೆಚ್ಚುಗಾರಿಕೆ. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಆರಂಭವಾದಾಗ ಅವರು ಅಲ್ಲಿಗೆ ಸೇರಿದರು. ವೈದ್ಯರು, ಸಂಖ್ಯಾಶಾಸ್ತ್ರಜ್ಞರು, ಸಮಾಜಶಾಸ್ತ್ರಜ್ಞರು ಒಂದೇ ಮೇಜಿನ ಸುತ್ತ ಕೂತು ಯೋಚಿಸುತ್ತಿದ್ದ ಜಾಗ ಅದು. ಮುಂದೆ ವಿಶ್ವ ಆರೋಗ್ಯ ಸಂಸ್ಥೆಯ ಮಹಾನಿರ್ದೇಶಕರಾದ ಹಾಫ್ಡನ್ ಮಾಹ್ಲರ್ ಅವರೂ ಆರಂಭದ ದಿನಗಳಲ್ಲಿ ಅಲ್ಲಿದ್ದವರೇ.

ತುಮಕೂರು ಜಿಲ್ಲೆಯಲ್ಲಿ ಆಗಷ್ಟೇ ಎಕ್ಸ್‌ರೇ ಮತ್ತು ಕಫ ಪರೀಕ್ಷೆಯ ದೊಡ್ಡ ಸಮೀಕ್ಷೆ ನಡೆದಿತ್ತು. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಅದರ ಜಾಡು ಹಿಡಿದು ರೋಗಿಗಳನ್ನೂ, ಹೋಲಿಕೆಗೆಂದು ರೋಗವಿಲ್ಲದವರನ್ನೂ ವಿಚಾರಿಸಿದರು. ಕೆಮ್ಮು ಇದೆಯೇ, ಜ್ವರ ಬರುತ್ತದೆಯೇ, ಅದರಿಂದ ಕಳವಳವಾಗಿದೆಯೇ, ಅದಕ್ಕೆ ಏನು ಮಾಡಿದಿರಿ? ಪ್ರಶ್ನೆಗಳು ಇಷ್ಟು ಸರಳ.

1963ರಲ್ಲಿ ಪ್ರಕಟವಾದ ಫಲಿತಾಂಶ ತಜ್ಞರ ಎಣಿಕೆಯನ್ನು ತಲೆಕೆಳಗು ಮಾಡಿತು. ಕಫದಲ್ಲಿ ರೋಗಾಣು ಇದ್ದವರ ಪೈಕಿ ಶೇ. 95ರಷ್ಟು ಜನರಿಗೆ ತಮ್ಮ ಮೈಯಲ್ಲಿನ ಲಕ್ಷಣಗಳ ಅರಿವಿತ್ತು. ಶೇ. 72 ಮಂದಿ ಅದರ ಬಗ್ಗೆ ಕಳವಳಪಟ್ಟಿದ್ದರು. ಶೇ. 52 ಮಂದಿ ಆಗಲೇ ಆಧುನಿಕ ಚಿಕಿತ್ಸೆ ಕೊಡುವ ಆಸ್ಪತ್ರೆಯ ಮೆಟ್ಟಿಲು ಹತ್ತಿದ್ದರು. ಅಲ್ಲಿ ಅವರಿಗೆ ಸಿಕ್ಕಿದ್ದು ಬಹುಪಾಲು ಒಂದು ಬಾಟಲಿ ಕೆಮ್ಮಿನ ಔಷಧಿ ಮಾತ್ರ!

ಅಜ್ಞಾನ ಯಾರದು? ಮೈಲಿಗಟ್ಟಲೆ ನಡೆದುಬಂದ ರೈತನದೋ, ಕಫ ಪರೀಕ್ಷಿಸದೆ ಅವನನ್ನು ವಾಪಸ್ ಕಳಿಸಿದ ವ್ಯವಸ್ಥೆಯದೋ? ಬ್ಯಾನರ್ಜಿಯವರ ತೀರ್ಮಾನ ಸ್ಪಷ್ಟವಾಗಿತ್ತು. ಜನರಲ್ಲಿ ಅರಿವು ಮೂಡಿಸುವ ಮೊದಲು, ಅರಿವಿನಿಂದಲೇ ಬಾಗಿಲಿಗೆ ಬಂದವರನ್ನು ಸರಿಯಾಗಿ ನೋಡಿಕೊಳ್ಳಿ. 1962ರಲ್ಲಿ ರೂಪುಗೊಂಡ ರಾಷ್ಟ್ರೀಯ ಕ್ಷಯರೋಗ ಕಾರ್ಯಕ್ರಮದ ತಿರುಳೇ ಇದು. ಕ್ಷಯಕ್ಕೆಂದು ಪ್ರತ್ಯೇಕ ಪಡೆ ಕಟ್ಟದೆ, ಜಿಲ್ಲೆಯನ್ನು ಘಟಕವಾಗಿ ಇಟ್ಟುಕೊಂಡು, ಹತ್ತಿರದ ಸಾಮಾನ್ಯ ಆರೋಗ್ಯ ಕೇಂದ್ರದಲ್ಲೇ ಸೂಕ್ಷ್ಮದರ್ಶಕದಲ್ಲಿ ಕಫ ನೋಡಿ ಮಾತ್ರೆ ಕೊಡುವುದು.

ಕಾಗದದ ಮೇಲೆ ಚೆನ್ನಾಗಿದ್ದ ಯೋಜನೆ ನೆಲದ ಮೇಲೆ ಅಷ್ಟು ಚೆನ್ನಾಗಿ ನಡೆಯಲಿಲ್ಲ. ಔಷಧಿ, ಸಿಬ್ಬಂದಿ, ಮೇಲ್ವಿಚಾರಣೆ ಎಲ್ಲಕ್ಕೂ ಕೊರತೆ. ಆರೋಗ್ಯ ಕೇಂದ್ರಗಳ ಶಕ್ತಿಯೆಲ್ಲ ಕುಟುಂಬ ಯೋಜನೆಯ ಗುರಿ ಮುಟ್ಟಿಸುವುದರಲ್ಲೇ ಖರ್ಚಾಗುತ್ತಿದೆ ಎಂದು ಬ್ಯಾನರ್ಜಿ ವರ್ಷಗಟ್ಟಲೆ ಟೀಕಿಸಿದರು. 1992ರ ಪರಿಶೀಲನೆಯ ನಂತರ ಕಾರ್ಯಕ್ರಮವನ್ನೇ ಪರಿಷ್ಕರಿಸಬೇಕಾಯಿತು. ಆ ಹೊಸ ರೂಪವನ್ನೂ ಅವರು ಕಣ್ಣುಮುಚ್ಚಿ ಒಪ್ಪಲಿಲ್ಲ.

1964ರಲ್ಲಿ ಬೆಂಗಳೂರು ಬಿಟ್ಟ ಅವರು 1971ರಲ್ಲಿ ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದಲ್ಲಿ ಸಾಮಾಜಿಕ ವೈದ್ಯಕೀಯ ಮತ್ತು ಸಮುದಾಯ ಆರೋಗ್ಯ ಕೇಂದ್ರವನ್ನು ಕಟ್ಟಿದರು. ವೈದ್ಯರೂ ಸಮಾಜಶಾಸ್ತ್ರದ ವಿದ್ಯಾರ್ಥಿಗಳೂ ಜೊತೆಗೆ ಕಲಿಯುವ ಇಂಥ ಕೇಂದ್ರ ಆಗ ಅಪರೂಪ. 19 ಹಳ್ಳಿಗಳನ್ನು ವರ್ಷಗಳ ಕಾಲ ಅಭ್ಯಸಿಸಿ 1982ರಲ್ಲಿ ಬಡತನ, ವರ್ಗ ಮತ್ತು ‘ಆರೋಗ್ಯ ಸಂಸ್ಕೃತಿ’ ಕುರಿತ ಪುಸ್ತಕ ಹೊರತಂದರು. ಅಲ್ಲೂ ಅವರು ಕಂಡದ್ದು ಹೆಚ್ಚುಕಡಿಮೆ ತುಮಕೂರಿನ ಸತ್ಯವೇ. ಬಡವರು ಆಧುನಿಕ ಔಷಧಿಯನ್ನು ಬೇಡವೆನ್ನುವುದಿಲ್ಲ, ಅದು ಅವರ ಕೈಗೆ ಎಟುಕುವುದಿಲ್ಲ.

ನಮ್ಮ ಮಹಿಳಾ ವೇದಿಕೆಯ ಸದಸ್ಯೆಯರಿಗೆ ಇದರಲ್ಲಿ ಇನ್ನೊಂದು ಪಾಠವೂ ಇದೆ. ಅರಿವು, ಕಳವಳ, ಕ್ರಿಯೆ ಎಂಬ ಮೂರು ಮೆಟ್ಟಿಲುಗಳಲ್ಲಿ ನಾವು ಹೆಂಗಸರು ಹೆಚ್ಚಾಗಿ ನಿಂತುಬಿಡುವುದು ಎರಡನೆಯದರಲ್ಲೇ. ಮಕ್ಕಳ ಪರೀಕ್ಷೆ ಮುಗಿಯಲಿ, ಹಬ್ಬ ಕಳೆಯಲಿ ಎಂದು ಸ್ವಂತ ಕೆಮ್ಮನ್ನು ಶುಂಠಿ ಕಷಾಯದಲ್ಲೇ ಮುಂದೂಡುತ್ತೇವೆ. ಮನೆಗೆಲಸಕ್ಕೆ ಬರುವ ಹೆಣ್ಣುಮಗಳಿಗಂತೂ ಆಸ್ಪತ್ರೆಗೆ ಹೋಗುವುದೆಂದರೆ ಒಂದು ದಿನದ ಸಂಬಳದ ಪ್ರಶ್ನೆ. ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಆಗಲೇಬೇಕು. ಸರ್ಕಾರಿ ಕೇಂದ್ರಗಳಲ್ಲಿ ಅದಕ್ಕೆ ದುಡ್ಡಿಲ್ಲ. ಅವಳು ಕೆಮ್ಮುವುದು ಕೇಳಿಸಿದಾಗ ‘ಔಷಧಿ ತಗೊಂಡೆಯೇನಮ್ಮಾ’ ಎಂದು ಕೇಳಿ ಸುಮ್ಮನಾಗದೆ, ಸಂಬಳ ಹಿಡಿಯದೆ ಒಂದು ದಿನ ರಜೆ ಕೊಟ್ಟು ಕಳಿಸೋಣ. ತುಮಕೂರಿನ ಆ ರೋಗಿಗಳು ತಮ್ಮ ಪಾಲಿನ ಕೆಲಸ ಮಾಡಿದ್ದರು. ಉಳಿದದ್ದು ಬಾಗಿಲಿನ ಈಚೆಗಿರುವವರ ಪಾಲು.